ಕಂಪನಿ ಡಾಕ್ಟ್ರು, ಪುತ್ತೂರು ಕಟ್ಟು

ಮಾಲೂರಿನ ಇಟ್ಟಿಗೆ ಗೂಡಲ್ಲೋ ಮುಳಬಾಗಿಲಿನ ಕಡೆ ಕಲ್ಲು ಕ್ವಾರಿಯಲ್ಲೋ ಕೈ ಮುರಿದುಕೊಂಡವರ ಮನೆಗೆ ಹೋದರೆ ನಮಗೆ ಮೊದಲು ಸಿಗುವ ಉತ್ತರ, ‘ಪುತ್ತೂರು ಕಟ್ಟು ಹಾಕಿಸಿದ್ವಿ ಸಾರ್’. ಮಾಲೀಕರು ಹೇಳಿದ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂದರೆ, ‘ಅವರ ಡಾಕ್ಟ್ರು ಅವರ ಪರಾನೇ ಬರೀತಾರೆ’.

ಈ ಅನುಮಾನ ನಮ್ಮ ಜಿಲ್ಲೆಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದ ಮೇಲೆ ಗಣಿಯೂ ಕಂಪನಿಯದೇ, ಲೈನ್ ಮನೆಯೂ ಕಂಪನಿಯದೇ, ಆಸ್ಪತ್ರೆಯೂ ಕಂಪನಿಯದೇ. ಸುರಂಗದಲ್ಲಿ ಬಂಡೆ ಸಿಡಿದು ಗಾಯಗೊಂಡವರನ್ನು ಮೇಲೆ ತಂದು ಒಯ್ಯುತ್ತಿದ್ದದ್ದು ಅಲ್ಲಿಗೇ. ಗಾಯವಾದರೂ ಕಣ್ಣಿಗೆ ಕಾಣುತ್ತದೆ. ಕಲ್ಲಿನ ಧೂಳು ಸೇರಿ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಣುವುದು ಎಕ್ಸ್‌ರೇಯಲ್ಲಿ, ಅದೂ ನೋಡಬಲ್ಲ ಡಾಕ್ಟರಿಗೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1947ರಲ್ಲಿ, ಇದೇ ಗಣಿಯಿಂದ ಎಂದು ವೈದ್ಯಕೀಯ ಪಠ್ಯಗಳು ಬರೆಯುತ್ತವೆ. ಅಷ್ಟರಲ್ಲಿ ಕಂಪನಿ ಬಂದು 60 ವರ್ಷ ದಾಟಿತ್ತು! ಅಲ್ಲಿಯವರೆಗೆ ಕೆಮ್ಮಿ ಕೆಮ್ಮಿ ಸತ್ತವರ ಲೆಕ್ಕ ಯಾರು ಬರೆದರು? 1956ರಲ್ಲಿ ಗಣಿ ಸರ್ಕಾರದ್ದಾಯಿತು, 2001ರಲ್ಲಿ ಮುಚ್ಚಿತು.

ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲೇ ಕಾರ್ಮಿಕರ ಪರಿಹಾರ ಕಾಯ್ದೆ ಬಂದಿತ್ತು. ನಮ್ಮದು ಮೈಸೂರು ಸಂಸ್ಥಾನ, ಆ ಕಾಯ್ದೆ ಇಲ್ಲಿಗೂ ಬಂದದ್ದು ಆಮೇಲೆ. ಅದರ 11ನೇ ಕಲಂ ಡಾಕ್ಟರ ವಿಷಯದ್ದು. ಅಪಘಾತದ ನೋಟಿಸ್ ಕೊಟ್ಟ 3 ದಿನದೊಳಗೆ ಮಾಲೀಕರು ಪುಕ್ಕಟೆ ಪರೀಕ್ಷೆಗೆ ಕರೆದರೆ ಹೋಗಬೇಕು. ಹೋಗದಿದ್ದರೆ ಪರಿಹಾರದ ಹಕ್ಕು ಅಲ್ಲಿಗೆ ತಡೆಯಾಗುತ್ತದೆ. ಆದರೆ ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ. ಚಿಕಿತ್ಸೆಗೆ ಅವರ ಡಾಕ್ಟರು ಬೇಡ ಅನ್ನಬಹುದು. ಅಂದ ಮೇಲೆ ಬೇರೆ ನೋಂದಾಯಿತ ಡಾಕ್ಟರ ಹತ್ತಿರ ಬಿಡದೆ ತೋರಿಸಿಕೊಳ್ಳಬೇಕು. ತೋರಿಸದೆ ಗಾಯ ಹೆಚ್ಚಾಯಿತೆಂದು ಸಾಬೀತಾದರೆ, ಹೆಚ್ಚಾದ ಭಾಗಕ್ಕೆ ದುಡ್ಡಿಲ್ಲ. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಪುತ್ತೂರು ಕಟ್ಟಿನವರು ಸಿಕ್ಕಿಕೊಳ್ಳುವುದು ಇಲ್ಲೇ. ಮೂಳೆ ಚೆನ್ನಾಗಿಯೇ ಕೂಡಿರಬಹುದು, ಆ ಜಗಳ ನಮಗೆ ಬೇಡ. ಆದರೆ ಕಟ್ಟು ಹಾಕಿದವರು ನೋಂದಾಯಿತ ವೈದ್ಯರಲ್ಲದಿದ್ದರೆ, ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ಅವರು ಬರೆದುಕೊಟ್ಟದ್ದು ನಡೆಯುವುದಿಲ್ಲ. 2010ರಿಂದ ಚಿಕಿತ್ಸೆಯ ಖರ್ಚನ್ನೂ ಮಾಲೀಕರೇ ಕೊಡಬೇಕೆಂದು ಕಾನೂನಾಗಿದೆ. ಬಿಲ್ಲೇ ಇಲ್ಲದೆ ಏನಂತ ಕೇಳುವುದು?

ಇಎಸ್‌ಐ ಕಾರ್ಡ್ ಇರುವವರ ದಾರಿ ಬೇರೆ. ಅವರಿಗೆ ಇಎಸ್‌ಐ ಆಸ್ಪತ್ರೆ, ಇಎಸ್‌ಐ ವೈದ್ಯಕೀಯ ಮಂಡಳಿ. ಕಾರ್ಡ್ ಇಲ್ಲದವರು ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಗಾಯವಾದ ದಿನವೇ ಹೋಗಿ, ಕೆಲಸದ ಜಾಗದಲ್ಲಿ ಬಿದ್ದದ್ದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.