ಫೆಸಂಟ್ ಹಕ್ಕಿಯ ಪ್ರವಾಸವೂ ಹಿಮಗಾಲದ ಬೇಟೆಯೂ

ಬೇಟೆಯ ವಿಷಯದಲ್ಲಿ ನಮ್ಮ ಪೂರ್ವಿಕರಿಗೆ ಏಕಾಭಿಪ್ರಾಯವಿರಲಿಲ್ಲ. ಮನುವು ಮೃಗಯೆಯನ್ನು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಕಾಳಿದಾಸನ ಶಾಕುಂತಲದಲ್ಲಿಯಾದರೋ ದುಷ್ಯಂತನ ಸೇನಾಪತಿಯು ಅದನ್ನೇ ಮೈಗೂ ಮನಕ್ಕೂ ಹಿತವಾದ ವಿನೋದವೆಂದು ಕೊಂಡಾಡುತ್ತಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನಾಯಿ, ಡೇಗೆ, ಮೃಗಯೆ ಇವುಗಳಿಗೆ ಬೇರೆ ಬೇರೆ ಪ್ರಕರಣಗಳೇ ಮೀಸಲಾಗಿವೆ. ಈ ಎರಡು ಪಕ್ಷಗಳ ನಡುವೆ ಒಂದು ಪ್ರಶ್ನೆ ಉಳಿಯುತ್ತದೆ: ಕೊಲ್ಲುವವನೇ ಕಾಯುವವನೂ ಆಗಬಲ್ಲನೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ದಕ್ಷಿಣ ಡಕೋಟಾದಲ್ಲಿ ಫೆಸಂಟ್ ಎಂಬ ಹಕ್ಕಿಗೆ ಒದಗಿದ ಏಳುಬೀಳುಗಳನ್ನು ನೋಡಬೇಕು.

ಫೆಸಂಟ್ ನಮಗೆ ತೀರ ಅಪರಿಚಿತವಾದ ಕುಲದ್ದಲ್ಲ. ನಮ್ಮ ನವಿಲೂ ಕಾಡುಕೋಳಿಯೂ ಅದೇ ಕುಟುಂಬದವು. ಹುಂಜಕ್ಕೆ ಕೆಂಪು ಮುಖ, ಹಸಿರು ಹೊಳಪಿನ ತಲೆ, ಕೊರಳಿನಲ್ಲಿ ಬಿಳಿಯ ಬಳೆ, ತಾಮ್ರದ ಬಣ್ಣದ ಮೈ, ಪಟ್ಟೆಪಟ್ಟೆಯಾದ ನೀಳ ಬಾಲ. ಹೇಂಟೆಯ ಬಣ್ಣ ಒಣಹುಲ್ಲಿನದು. ಕಾವು ಕೂತಾಗ ಅದೇ ಅವಳ ರಕ್ಷೆ. ಕಪ್ಪು ಸಮುದ್ರವನ್ನು ಸೇರುವ ಫಾಸಿಸ್ ನದಿಯ ದಡದ ಹಕ್ಕಿಯೆಂದು ಗ್ರೀಕರು ಇದನ್ನು ಕರೆದರು; ಹೆಸರು ಅಲ್ಲಿಂದ ಬಂದಿತು. ಆ ನದಿಗೆ ಈಗ ರಿಯೋನಿ ಎಂದು ಹೆಸರು. ಅದು ಜಾರ್ಜಿಯಾ ದೇಶದಲ್ಲಿದೆ. ಆ ನಾಡಿನ ಹಳೆಯ ಹೆಸರು ಕಾಲ್ಖಿಸ್. 1758ರಲ್ಲಿ ಲಿನೇಯಸ್ ಪಂಡಿತನು ಶಾಸ್ತ್ರೀಯ ನಾಮವನ್ನಿಟ್ಟಾಗ ನದಿಯ ಹೆಸರನ್ನೂ ನಾಡಿನ ಹೆಸರನ್ನೂ ಒಟ್ಟಿಗೆ ಸೇರಿಸಿ ಫಾಸಿಯಾನಸ್ ಕಾಲ್ಖಿಕಸ್ ಎಂದನು.

ಈ ಹಕ್ಕಿಯ ಜಾತಿಗಳು ಕಾಲ್ಖಿಸಿನಿಂದ ಚೀನದವರೆಗೂ ಹಬ್ಬಿದ್ದವು. ಅಮೆರಿಕದಲ್ಲಿ ಬೇರೂರಿದುದು ಮುಖ್ಯವಾಗಿ ಚೀನದ ಕಡೆಯ ಸಂತತಿ. ಶಾಂಘೈ ನಗರದಲ್ಲಿ ಅಮೆರಿಕದ ರಾಯಭಾರ ಕಾರ್ಯದಲ್ಲಿದ್ದ ಓವೆನ್ ಡೆನ್ನಿ ಎಂಬವನು 1881ರಲ್ಲಿ ತನ್ನ ಆರೆಗನ್ ಸಂಸ್ಥಾನಕ್ಕೆ ಹಡಗಿನಲ್ಲಿ ಕೆಲವು ಹಕ್ಕಿಗಳನ್ನು ಕಳುಹಿಸಿದನು. ಅವುಗಳಲ್ಲಿ ಹೆಚ್ಚಿನವು ದಾರಿಯಲ್ಲಿಯೇ ಸತ್ತವು. ಎದೆಗುಂದದೆ 1882ರಲ್ಲಿ ಮತ್ತೆ ಕಳುಹಿಸಿದನು. ವಿಲಾಮೆಟ್ ಕಣಿವೆಯಲ್ಲಿ ಬಿಟ್ಟ ಆ ಹಕ್ಕಿಗಳು ಹತ್ತು ವರ್ಷಗಳೊಳಗೆ ಬೇಟೆಗೆ ಅನುಮತಿ ಕೊಡುವಷ್ಟು ಬೆಳೆದವು.

ದಕ್ಷಿಣ ಡಕೋಟಾದ ಬಯಲು ಇನ್ನೊಂದು ತೆರನಾದುದು. ಆ ನಾಡಿಗೆ ತಮ್ಮ ಹೆಸರನ್ನು ಕೊಟ್ಟ ಡಕೋಟಾ ಜನರಿಂದ ನೆಲವು ಕೈತಪ್ಪಿ, ಹೊರಗಿನಿಂದ ಬಂದ ಒಕ್ಕಲುಗಳು ಅದನ್ನು ಉತ್ತು ಗೋಧಿ, ಮುಸುಕಿನ ಜೋಳಗಳನ್ನು ಬೆಳೆದರು. ಹೊಲದ ಕಾಳು, ಹೊಲದ ಅಂಚಿನ ಹುಲ್ಲು, ತಗ್ಗಿನ ಕೆರೆಗಳ ಜೊಂಡು, ಈ ಮೂರೂ ಒಂದೆಡೆ ದೊರೆತರೆ ಫೆಸಂಟಿಗೆ ಬೇರೆ ಏನೂ ಬೇಡ. ಸ್ಪಿಂಕ್ ಪ್ರಾಂತದ ರೆಡ್‌ಫೀಲ್ಡ್ ಊರಿನ ಬಳಿ ಕೆಲವು ರೈತರು 1908ರಲ್ಲಿ ಬಿಟ್ಟ ಹಕ್ಕಿಗಳು ನೆಲೆಯೂರಿದವು. ಅನಂತರ ಸಂಸ್ಥಾನದ ಬೇಟೆಯ ಇಲಾಖೆಯೂ ಆ ಕೆಲಸವನ್ನು ಮುಂದುವರಿಸಿತು. 1919ರ ಅಕ್ಟೋಬರ್ 30ರಂದು, ಅದೊಂದೇ ದಿನ, ಸ್ಪಿಂಕ್ ಪ್ರಾಂತವೊಂದರಲ್ಲಿಯೇ ಮೊದಲ ಬೇಟೆಗೆ ಅಪ್ಪಣೆಯಾಯಿತು.

ಮುಂದಿನ ಕಾಲು ಶತಮಾನದಲ್ಲಿ ಸಂತತಿಯು ಯಾರೂ ಎಣಿಸದಷ್ಟು ಹೆಚ್ಚಿತು. 1930ರ ದಶಕದ ಬರಗಾಲದಲ್ಲಿಯೂ ಆರ್ಥಿಕ ಮುಗ್ಗಟ್ಟಿನಲ್ಲಿಯೂ ಅನೇಕ ಹೊಲಗಳು ಬೀಡುಬಿದ್ದು ಕಳೆಯಿಂದ ಮುಚ್ಚಿಹೋದವು. ಯುದ್ಧ ಬಂದಾಗ ಕೋವಿ ಹಿಡಿಯುವ ಕೈಗಳು ಬೇರೆ ರಣಕ್ಕೆ ಹೋದವು. 1943ರಲ್ಲಿ ಫೆಸಂಟ್ ಆ ಸಂಸ್ಥಾನದ ಪಕ್ಷಿಯೆಂದು ಶಾಸನಬದ್ಧವಾಗಿ ಘೋಷಿತವಾಯಿತು. ಅದೇ ವರ್ಷ ಅಬರ್ಡೀನ್ ರೈಲುನಿಲ್ದಾಣದಲ್ಲಿ ಸುತ್ತಣ ಊರುಗಳ ಗೃಹಿಣಿಯರು ಒಂದು ಉಪಾಹಾರಗೃಹವನ್ನು ತೆರೆದು, ಹಾದುಹೋಗುವ ಸೈನಿಕರಿಗೆ ರೊಟ್ಟಿಯ ನಡುವೆ ಫೆಸಂಟ್ ಮಾಂಸವನ್ನಿಟ್ಟು ಬಿಟ್ಟಿಯಾಗಿ ಹಂಚತೊಡಗಿದರು. 1945ರ ಸುಮಾರಿಗೆ ಆ ಒಂದು ಸಂಸ್ಥಾನದಲ್ಲಿ ಹಕ್ಕಿಗಳ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿತ್ತೆಂದು ಅಂದಾಜು. ಆ ವರ್ಷದ ಬೇಟೆಯಲ್ಲಿ ಬಿದ್ದವು 70 ಲಕ್ಷಕ್ಕೂ ಹೆಚ್ಚು.

ಇನ್ನು ಬೇಟೆಯ ಕ್ರಮವನ್ನು ನೋಡೋಣ. ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ಋತು ಆರಂಭವಾಗುತ್ತದೆ. ಒಬ್ಬನಿಗೆ ದಿನಕ್ಕೆ ಮೂರು ಹುಂಜಗಳ ಮಿತಿ. ಹೇಂಟೆಯನ್ನು ಹೊಡೆಯುವುದು ಅಪರಾಧ. ಒಂದು ಹುಂಜವು ಅನೇಕ ಹೇಂಟೆಗಳೊಡನೆ ಕೂಡುವುದರಿಂದ ಹುಂಜಗಳು ಕಡಮೆಯಾದರೂ ಮರುವರ್ಷದ ಮರಿಗಳಿಗೆ ಕೊರತೆಯಾಗದು. ನಿಯಮದ ಮೂಲ ಈ ಲೆಕ್ಕದಲ್ಲಿದೆ. ಆರಂಭದ ವಾರಗಳಲ್ಲಿ ಕೊಯ್ಯದ ಜೋಳದ ಹೊಲಗಳಲ್ಲಿ ಎಳೆಯ ಹಕ್ಕಿಗಳು ಸುಲಭವಾಗಿ ಎದ್ದು ಹಾರುತ್ತವೆ. ಡಿಸೆಂಬರ್ ಬಂದಿತೆಂದರೆ ಆಟವೇ ಬದಲಾಗುತ್ತದೆ. 2020ರಿಂದ ಈ ಋತುವು ಜನವರಿ 31ರವರೆಗೂ ನಡೆಯುತ್ತಿದೆ. ಅಷ್ಟರೊಳಗೆ ಹೊಲಗಳು ಬೋಳಾಗಿ, ಹುಲ್ಲು ಹಿಮದ ಭಾರಕ್ಕೆ ಮಲಗಿ, ಹಕ್ಕಿಗಳೆಲ್ಲ ಜೊಂಡಿನ ತಗ್ಗುಗಳಿಗೂ ಗಾಳಿಯನ್ನು ತಡೆಯಲು ನೆಟ್ಟ ಮರಸಾಲುಗಳಿಗೂ ಬಂದು ಗುಂಪುಗೂಡುತ್ತವೆ. ಶರತ್ಕಾಲದಲ್ಲಿ ಕೆಸರಿನಿಂದಾಗಿ ಕಾಲಿಡಲಾಗದ ಜೊಂಡಿನೊಳಕ್ಕೆ ಈಗ ನೀರು ಹೆಪ್ಪುಗಟ್ಟಿದುದರಿಂದ ಮನುಷ್ಯನೂ ನಾಯಿಯೂ ನಡೆದುಹೋಗಬಹುದು.

ಇಲ್ಲಿ ಉಳಿದಿರುವ ಹುಂಜಗಳು ಅನುಭವಸ್ಥವಾದವು. ಗಾಡಿಯ ಬಾಗಿಲು ಮುಚ್ಚಿದ ಸದ್ದಿಗೇ ದೂರದ ಅಂಚಿನಿಂದ ಹಾರಿಹೋಗುತ್ತವೆ, ಇಲ್ಲವೆ ಹಾರದೆ ಜೊಂಡಿನ ಬುಡದಲ್ಲಿ ಓಡುತ್ತವೆ. ಆದುದರಿಂದ ಬಲ್ಲ ಬೇಟೆಗಾರರು ಮಾತಾಡದೆ, ಸೀಟಿ ಊದದೆ, ಗಾಳಿಗೆ ಎದುರಾಗಿ ನಡೆಯುತ್ತಾರೆ. ಇಬ್ಬರು ಮೊದಲೇ ಆಚೆಯ ತುದಿಯಲ್ಲಿ ಕಾದು ನಿಂತಿರುತ್ತಾರೆ. ನಡುವೆ ಕೆಲಸ ಮಾಡುವುದು ನಾಯಿ. ಪಾಯಿಂಟರ್ ಜಾತಿಯದು ವಾಸನೆ ಹತ್ತಿದೊಡನೆ ಮೈಬಿಗಿದು ಕದಲದೆ ನಿಂತು ತೋರಿಸುತ್ತದೆ. ಸ್ಪ್ರಿಂಗರ್ ಸ್ಪೇನಿಯಲ್ ನುಗ್ಗಿ ಎಬ್ಬಿಸುತ್ತದೆ. ಕೋವಿಗಳಿಲ್ಲದ ಕಾಲದಲ್ಲಿ ಬಲೆಗೂ ಡೇಗೆಗೂ ಹಕ್ಕಿಯನ್ನು ಎಬ್ಬಿಸಿಕೊಡುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು. ಲ್ಯಾಬ್ರಡಾರ್ ಬಿದ್ದ ಹಕ್ಕಿಯನ್ನು ಹುಡುಕಿ ತರುವುದರಲ್ಲಿ ಮೇಲು. ಕಡುಚಳಿಯ ಒಣಗಾಳಿಯಲ್ಲಿ ವಾಸನೆ ನಿಲ್ಲುವುದು ಕಷ್ಟ. ಹಿಮದ ಗಟ್ಟಿ ಪದರವು ಪಾದವನ್ನು ಕೊಯ್ಯುತ್ತದೆ, ಬೆರಳುಗಳ ಸಂದಿಯಲ್ಲಿ ಮಂಜುಗಡ್ಡೆ ಉಂಡೆಗಟ್ಟುತ್ತದೆ, ತೆಳುವಾದ ಹೆಪ್ಪು ಒಡೆದರೆ ಪ್ರಾಣವೇ ಹೋದೀತು. ಆದರೂ ಗಾಯಗೊಂಡು ಓಡಿದ ಹುಂಜವು ಜೊಂಡಿನಲ್ಲಿ ನರಳಿ ಸಾಯದಂತೆ ನೋಡಿಕೊಳ್ಳುವುದು ನಾಯಿಯೊಂದೇ. ನಾಯಿಯಿಲ್ಲದೆ ಈ ಋತುವಿನಲ್ಲಿ ಹೊರಡುವವನು ಹಕ್ಕಿಯನ್ನು ಕೊಲ್ಲಬಲ್ಲನೇ ಹೊರತು ಪಡೆಯಲಾರನು.

ಬೇಟೆನಾಯಿಯ ಋಣವನ್ನು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ಕ್ರಿ.ಶ. 949-50ರ ಆತಕೂರಿನ ಶಾಸನವು, ಮಣಲೇರನು ಬೂತುಗನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನೂ ಅದರ ನೆನಪಿನ ಕಲ್ಲಿಗೆ ಭೂಮಿ ಬಿಟ್ಟುದನ್ನೂ ಇಂದಿಗೂ ಹೇಳುತ್ತಿದೆ.

ಮತ್ತೆ ಡಕೋಟಾಕ್ಕೆ ಬರೋಣ. ಯುದ್ಧ ಮುಗಿದ ಮೇಲೆ ಯಂತ್ರದ ನೇಗಿಲು ಬೀಡುನೆಲಗಳನ್ನು ಮತ್ತೆ ಉತ್ತಿತು. ತಗ್ಗುಗಳ ನೀರನ್ನು ಬಸಿದು ಜೊಂಡನ್ನು ತೆಗೆದರು. ಹಕ್ಕಿಗಳ ಸಂಖ್ಯೆ ಕುಸಿಯಿತು. 1956ರಲ್ಲಿ ಧಾನ್ಯದ ಅತ್ಯುತ್ಪತ್ತಿಯನ್ನು ತಗ್ಗಿಸಲೆಂದು ಸರಕಾರವು ರೈತರಿಗೆ ಹಣ ಕೊಟ್ಟು ನೆಲವನ್ನು ಹುಲ್ಲಿಗೆ ಬಿಡಿಸಿತು, ಸಂಖ್ಯೆ ಏರಿತು. ಆ ಯೋಜನೆ ಮುಗಿಯಿತು, ಇಳಿಯಿತು. 1985ರ ಕಾಯಿದೆಯಿಂದ ಅಂತಹುದೇ ಯೋಜನೆ ಮತ್ತೆ ಬಂದಿತು; 2007ರ ಹೊತ್ತಿಗೆ ಹಕ್ಕಿಗಳು ಪುನಃ ಒಂದು ಕೋಟಿಯನ್ನು ಮೀರಿದವು. ಬಳಿಕ ಜೋಳದ ಬೆಲೆ ಏರಿ ಹುಲ್ಲುಗಾವಲು ಹೊಲವಾಯಿತು. ಸಂಖ್ಯೆ ಮತ್ತೆ ಇಳಿಯಿತು. ಈ ಏರಿಳಿತದ ಬಹುಭಾಗದಲ್ಲಿ ಹೇಂಟೆಯನ್ನು ಕಾಯುವ ನಿಯಮಗಳು ಇದ್ದವು. ಆದುದರಿಂದ ನಿರ್ಣಾಯಕವಾದುದು ಕೋವಿಯಲ್ಲ, ನೇಗಿಲು.

ಹಿಮಗಾಲದ ಕೊನೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ತೋರುತ್ತದೆ. 1966ರ ಮಾರ್ಚ್ ಆರಂಭದಲ್ಲಿ ಡಕೋಟಾಗಳ ಮೇಲೆ ಎದ್ದ ಹಿಮಬಿರುಗಾಳಿಯಂತಹವುಗಳಲ್ಲಿ ಹಕ್ಕಿ ಹೆಚ್ಚಾಗಿ ಹಸಿವಿನಿಂದ ಸಾಯುವುದಿಲ್ಲ. ಮೂಗು ಬಾಯಿಗಳಲ್ಲಿ ಮಂಜು ಹೆಪ್ಪುಗಟ್ಟಿ ಉಸಿರು ಕಟ್ಟಿ ಸಾಯುತ್ತದೆ. ದಟ್ಟವಾದ ಜೊಂಡಿನ ನಡುವೆ ಕುಳಿತ ಹಕ್ಕಿಗೆ ಉಳಿಯುವ ಆಸೆಯುಂಟು, ಬಯಲಿನದಕ್ಕಿಲ್ಲ. ಹಾಗಿರುವಾಗ ಬಿರುಗಾಳಿಯ ಮುನ್ನಾದಿನ ಆ ಆಶ್ರಯದಿಂದ ಹೇಂಟೆಗಳನ್ನೂ ಹುಂಜಗಳೊಡನೆ ಎಬ್ಬಿಸಿ ಅಟ್ಟುವವನು, ಒಂದು ಗುಂಡನ್ನೂ ಹಾರಿಸದೆ ಕೊಲೆಗೆ ಭಾಗಿಯಾಗಬಹುದು. ಕಾಯಿದೆಯ ಪುಸ್ತಕದಲ್ಲಿ ಇದಕ್ಕೆ ದಂಡನೆಯಿಲ್ಲ. ಬೇಟೆಗಾರನ ವಿವೇಕವೇ ಇಲ್ಲಿ ಧರ್ಮಶಾಸ್ತ್ರ.

ಕೊಲ್ಲುವವನು ಕಾಯುವವನೂ ಆಗಬಲ್ಲನೆ ಎಂಬ ಪ್ರಶ್ನೆಗೆ ಡಕೋಟಾದ ಉತ್ತರ ಹೀಗಿದೆ: ಆಗಬಲ್ಲನು, ಆದರೆ ಕೋವಿಯನ್ನು ಕೆಳಗಿಟ್ಟ ತಿಂಗಳುಗಳಲ್ಲಿ. ಅಲ್ಲಿ ಬೇಟೆಯ ಪರವಾನಗಿಯ ಹಣದಲ್ಲೊಂದು ಭಾಗ ಹುಲ್ಲಿಗೂ ಜೊಂಡಿಗೂ ಹೋಗುತ್ತದೆ. 1982ರಲ್ಲಿ ಮಿನೆಸೋಟಾದಲ್ಲಿ ಹುಟ್ಟಿದ ಫೆಸಂಟ್ ರಕ್ಷಣೆಯ ಸಂಘದಲ್ಲಿ ಬೇಟೆಗಾರರೇ ಮುಂದಾಳುಗಳು. ನಮ್ಮ ದೇಶವು 1972ರ ವನ್ಯಜೀವಿ ಕಾಯಿದೆಯಿಂದ ಬೇರೆ ಮಾರ್ಗವನ್ನು ಹಿಡಿದು ಬೇಟೆಯನ್ನೇ ನಿಷೇಧಿಸಿತು. ಅದು ನಮಗೆ ಯುಕ್ತವಾದುದೇ ಸರಿ. ಆದರೆ ಕೋವಿಯನ್ನು ತಡೆದ ಮಾತ್ರಕ್ಕೆ ಹಕ್ಕಿಯು ಉಳಿಯಿತೆಂದು ನಾವು ನಿಶ್ಚಿಂತರಾಗಲಾಗದು. ಕೆರೆಯಂಗಳದ ಜೊಂಡನ್ನು ಕಿತ್ತು, ಬೇಲಿಯ ಪೊದೆಯನ್ನು ಸುಟ್ಟು, ಬದುವಿನವರೆಗೂ ಉಳುವವನ ಊರಿನಲ್ಲಿ ಬೇಟೆಗಾರನಿಲ್ಲದೆಯೂ ಹಕ್ಕಿಯಿಲ್ಲದಂತಾಗುತ್ತದೆ.