ಪಿಲ್ಗ್ರಿಮ್ ತ್ರಿಶತಮಾನೋತ್ಸವ ಅಂಚೆಚೀಟಿಗಳು

ಪಿಲ್ಗ್ರಿಮ್ ತ್ರಿಶತಮಾನೋತ್ಸವ ಅಂಚೆಚೀಟಿಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಅಂಚೆ ಇಲಾಖೆಯು 1920ರ ಡಿಸೆಂಬರ್ 21ರಂದು ಹೊರತಂದ ಮೂರು ಸ್ಮಾರಕ ಅಂಚೆಚೀಟಿಗಳು. ಇಂಗ್ಲೆಂಡಿನಿಂದ ಮೇಫ್ಲವರ್ ಎಂಬ ಹಡಗಿನಲ್ಲಿ ಬಂದ ವಲಸಿಗರು ಇಂದಿನ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ ನೆಲೆಸಿ ಮುನ್ನೂರು ವರ್ಷಗಳು ತುಂಬಿದ ನೆನಪಿಗೆ ಇವು ಪ್ರಕಟವಾದವು.

ಹಿನ್ನೆಲೆ

1620ರ ಸೆಪ್ಟೆಂಬರ್‌ನಲ್ಲಿ ಹೊರಟ ಹಡಗಿನಲ್ಲಿ 102 ಪ್ರಯಾಣಿಕರಿದ್ದರು. ಇವರೆಲ್ಲರೂ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರ್ಪಟ್ಟವರಲ್ಲ. ಜೀವನೋಪಾಯವನ್ನು ಅರಸಿ ಬಂದವರೂ ಇದ್ದರು. ಕೇಪ್ ಕಾಡ್ ಬಳಿ ಲಂಗರು ಹಾಕಿದಾಗ 41 ಪುರುಷರು ಸ್ವಯಮಾಡಳಿತದ ಒಡಂಬಡಿಕೆಯೊಂದಕ್ಕೆ ಸಹಿ ಹಾಕಿದರು. ಪ್ಲಿಮತ್‌ನಲ್ಲಿ ನೆಲೆಸಿದ ಮೊದಲ ಚಳಿಗಾಲದಲ್ಲಿಯೇ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೃತಪಟ್ಟರು.

ಚಿತ್ರಗಳು

1 ಸೆಂಟಿನ ಹಸಿರು ಚೀಟಿಯಲ್ಲಿ ಹಾಯಿ ಬಿಚ್ಚಿದ ಮೇಫ್ಲವರ್ ಹಡಗು, 2 ಸೆಂಟಿನ ಗುಲಾಬಿಗೆಂಪು ಚೀಟಿಯಲ್ಲಿ ವಲಸಿಗರು ದಡಕ್ಕಿಳಿಯುವ ದೃಶ್ಯ, 5 ಸೆಂಟಿನ ಕಡುನೀಲಿ ಚೀಟಿಯಲ್ಲಿ ಒಡಂಬಡಿಕೆಗೆ ಸಹಿ ಹಾಕುವ ಸಂದರ್ಭ ಚಿತ್ರಿತವಾಗಿವೆ. ವಿನ್ಯಾಸಕಾರ ಕ್ಲೇರ್ ಆಬ್ರಿ ಹ್ಯೂಸ್ಟನ್. ದೇಶದೊಳಗಿನ ಪತ್ರಗಳಿಗೆ ಬೇಕಾಗುತ್ತಿದ್ದ 2 ಸೆಂಟಿನ ಚೀಟಿಗಳು ಸುಮಾರು 19.6 ಕೋಟಿ ಪ್ರಕಟವಾದರೆ, 5 ಸೆಂಟಿನವು ಕೇವಲ 1.13 ಕೋಟಿ. ಈ ಚೀಟಿಗಳ ಮೇಲೆ ದೇಶದ ಹೆಸರೇ ಇಲ್ಲ! ಅಮೆರಿಕದ ಅಂಚೆಚೀಟಿಗಳಲ್ಲಿ ಹೀಗಾದದ್ದು ಅದೇ ಮೊದಲು. ಸಂಗ್ರಾಹಕರು ಇಂದಿಗೂ ಇದನ್ನು ಎತ್ತಿ ಹೇಳುತ್ತಾರೆ.

ಚಿತ್ರದಲ್ಲಿಲ್ಲದ ಇತಿಹಾಸ

ಇಳಿದಾಣದ ಚಿತ್ರವನ್ನು ಪ್ರತ್ಯಕ್ಷ ಸಾಕ್ಷ್ಯವೆಂದು ವಿದ್ಯಾರ್ಥಿಗಳು ಭಾವಿಸಬಾರದು. ಅದು ಹತ್ತೊಂಬತ್ತನೆಯ ಶತಮಾನದ ಕೆತ್ತನೆಚಿತ್ರವೊಂದನ್ನು ಆಧರಿಸಿದೆ. ವಲಸಿಗರು ಕಾಲಿಟ್ಟರೆಂದು ಪ್ರಸಿದ್ಧವಾದ ‘ಪ್ಲಿಮತ್ ಬಂಡೆ’ಯ ಉಲ್ಲೇಖವೂ ಅವರ ಬರಹಗಳಲ್ಲಿಲ್ಲ, ಅದನ್ನು ಮೊದಲಿಗೆ ಗುರುತಿಸಿದ್ದು 1741ರಲ್ಲಿ, ತೊಂಬತ್ತು ದಾಟಿದ ವೃದ್ಧರೊಬ್ಬರು.

ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ವಲಸಿಗರು ನೆಲೆಸಿದ ಜಾಗ ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರಾಗಿತ್ತು. ಯುರೋಪಿಯನ್ನರ ಸಂಪರ್ಕದಿಂದ ಹರಡಿದ ಸಾಂಕ್ರಾಮಿಕ ರೋಗಕ್ಕೆ 1616–1619ರ ಅವಧಿಯಲ್ಲಿ ಆ ಊರು ಬರಿದಾಗಿತ್ತು. ಅವರು ಉಳುಮೆಗೆ ಸಿದ್ಧವಾಗಿ ಕಂಡ ಹೊಲಗಳು ಸತ್ತವರ ಹೊಲಗಳು. ಅಲ್ಲಿ ಹುಟ್ಟಿದ ಟಿಸ್ಕ್ವಾಂಟಮ್ ಎಂಬಾತನೇ ಅವರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದನು. ಮೂರು ಚೀಟಿಗಳಲ್ಲಿ ಒಂದೂ ಈ ಜನರನ್ನು ವಸ್ತುವಾಗಿ ಆರಿಸಿಕೊಳ್ಳಲಿಲ್ಲ.

350ನೆಯ ವರ್ಷದ ಚೀಟಿ

1970ರ ನವೆಂಬರ್ 21ರಂದು ಪ್ಲಿಮತ್‌ನಲ್ಲಿ 6 ಸೆಂಟಿನ ಮತ್ತೊಂದು ಚೀಟಿ ಬಿಡುಗಡೆಯಾಯಿತು. ವಿಷಯ ಅದೇ ಇಳಿದಾಣ. ಆ ವರ್ಷದ ಉತ್ಸವಕ್ಕೆ ವಾಂಪನೋಗ್ ಮುಖಂಡ ವಾಂಸುಟಾ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಆಹ್ವಾನಿಸಲಾಗಿತ್ತು. ಸಿದ್ಧಪಡಿಸಿದ ಭಾಷಣವನ್ನು ಮೊದಲೇ ಓದಿದ ಸಂಘಟಕರು ಅದಕ್ಕೆ ಒಪ್ಪಲಿಲ್ಲ. ಚೀಟಿ ಬಿಡುಗಡೆಯಾದ ಐದನೆಯ ದಿನ, ನವೆಂಬರ್ 26ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು, ಅವರು ಮತ್ತು ಅವರ ಬೆಂಬಲಿಗರು ಪ್ಲಿಮತ್‌ನ ಕೋಲ್ಸ್ ಹಿಲ್ ಗುಡ್ಡದ ಮೇಲೆ ಸೇರಿ ‘ರಾಷ್ಟ್ರೀಯ ಶೋಕ ದಿನ’ವನ್ನು ಆಚರಿಸಿದರು. ಆ ಆಚರಣೆ ಅಲ್ಲಿ ಪ್ರತಿವರ್ಷವೂ ಮುಂದುವರಿದಿದೆ.