ಹರಿಕಾರನಿಂದ ಅಂತರ್ಜಾಲದವರೆಗೆ: ಮೈಸೂರಿನಲ್ಲಿ ಸುದ್ದಿಯ ಕಾವಲು

ಅಂತರ್ಜಾಲವನ್ನು ನಿತ್ಯ ಬಳಸುವವರನ್ನು ಕಾಡುವ ಪ್ರಶ್ನೆಗಳಲ್ಲಿ ಎರಡು ಮುಖ್ಯವಾದವು: ತಮ್ಮ ಖಾಸಗಿ ಮಾತನ್ನು ನಡುವೆ ಯಾರಾದರೂ ಕದ್ದು ಕೇಳುತ್ತಿದ್ದಾರೆಯೇ ಎಂಬುದು ಒಂದು, ತಾವು ಬಹಿರಂಗವಾಗಿ ಹೇಳಿದ್ದನ್ನು ಅಳಿಸಿಹಾಕುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಇನ್ನೊಂದು. ಮೊದಲನೆಯದು ಕಣ್ಗಾವಲಿಗೆ ಸಂಬಂಧಿಸಿದ್ದು, ಎರಡನೆಯದು ನಿರ್ಬಂಧಕ್ಕೆ. ಇವೆರಡೂ ಗಣಕಯಂತ್ರದ ಜೊತೆಗೇ ಹುಟ್ಟಿದವೆಂಬ ಭಾವನೆ ಸಾಮಾನ್ಯವಾಗಿದ್ದರೂ, ಮೈಸೂರಿನ ಮಟ್ಟಿಗೆ ಇವುಗಳ ಇತಿಹಾಸ ಮೂರು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ; ಅಂಚೆ, ತಂತಿ, ಅಚ್ಚುಕೂಟ ಇವುಗಳಲ್ಲಿ ಪ್ರತಿಯೊಂದೂ ಈ ನಾಡಿಗೆ ಬಂದಾಗ ಇದೇ ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಎದ್ದಿವೆ.

1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆಡಳಿತವು ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳಾಗಿ ವಿಂಗಡಣೆಯಾಯಿತೆಂದೂ, ರಾಜ್ಯದಾದ್ಯಂತ ಹರಡಿದ ಅಂಚೆಯ ವ್ಯವಸ್ಥೆ ಆಗಲೇ ನೆಲೆಗೊಂಡಿತೆಂದೂ ಪರಂಪರೆ ಹೇಳುತ್ತದೆ. ಹರಿಕಾರರೆಂಬ ಓಟಗಾರರು ಚೀಲ ಹೊತ್ತು ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಪತ್ರಗಳನ್ನು ಮುಟ್ಟಿಸುತ್ತಿದ್ದ ಈ ವ್ಯವಸ್ಥೆಯ ಇನ್ನೊಂದು ಮುಖವನ್ನು, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಅವನ ಪ್ರಕಾರ ಅಂಚೆಯ ಮುಖ್ಯಸ್ಥರು ಅರಮನೆಯ ನಂಬುಗೆಯ ಆಳುಗಳಾಗಿದ್ದರು, ಅವರ ಕೈಕೆಳಗಿನವರು ಬೇಹುಗಾರರಾಗಿದ್ದರು, ಮತ್ತು ಸೀಮೆಗಳಲ್ಲಿ ಗುಟ್ಟಾಗಿ ನಡೆಯುತ್ತಿದ್ದುದನ್ನು ನಿಯತವಾಗಿ ವರದಿ ಮಾಡುವುದು ಅವರ ಕರ್ತವ್ಯವೇ ಆಗಿತ್ತು. ಪತ್ರ ಸಾಗಿಸುವ ದಾರಿಯನ್ನೇ ಸುದ್ದಿ ಸಂಗ್ರಹಿಸುವ ದಾರಿಯನ್ನಾಗಿ ಮಾಡಿಕೊಂಡ ಈ ಕ್ರಮವನ್ನು ಮುಂದೆ ಹೈದರಾಲಿಯೂ ಬೆಳೆಸಿದನು. ಅರಸನಿಗೆ ಅಂಚೆಯು ಕಾಲೂ ಆಗಿತ್ತು, ಕಿವಿಯೂ ಆಗಿತ್ತು. ಬರೆಯುವವನಿಗೆ ತನ್ನ ಪತ್ರದ ಗೋಪ್ಯತೆಯ ವಿಷಯದಲ್ಲಿ ಯಾವ ಹಕ್ಕೂ ಇರಲಿಲ್ಲ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ನೇರವಾಗಿ ವಹಿಸಿಕೊಂಡ ಮೇಲೂ ಅಂಚೆ ಸಂಸ್ಥಾನದ ಸ್ವಂತ ಇಲಾಖೆಯಾಗಿಯೇ ಮುಂದುವರಿದು, 1889ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ತಂತಿಯ ಕಥೆ ಇದಕ್ಕಿಂತ ಭಿನ್ನವಾದುದು. 1881ರ ಮಾರ್ಚಿನಲ್ಲಿ ರಾಜ್ಯವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದಾಗ ಬರೆದುಕೊಂಡ ಹಸ್ತಾಂತರ ಪತ್ರದಲ್ಲಿ, ಸಂಸ್ಥಾನದೊಳಗಿನ ತಂತಿ ಮಾರ್ಗಗಳನ್ನು ಬ್ರಿಟಿಷರ ಹಣದಿಂದ ಹಾಕಿರಲಿ, ಮೈಸೂರಿನ ಬೊಕ್ಕಸದಿಂದ ಹಾಕಿರಲಿ, ಅವೆಲ್ಲವೂ ಬ್ರಿಟಿಷ್ ತಂತಿ ವ್ಯವಸ್ಥೆಯ ಭಾಗವೇ ಆಗತಕ್ಕದ್ದೆಂಬ ಷರತ್ತನ್ನು ಸೇರಿಸಲಾಗಿತ್ತು. ಬ್ರಿಟಿಷ್ ಭಾರತದ ತಂತಿ ಕಾನೂನುಗಳು ಇಲ್ಲಿಗೂ ಅನ್ವಯಿಸುತ್ತಿದ್ದವು. 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯ 5ನೆಯ ಸೆಕ್ಷನ್, ಸಾರ್ವಜನಿಕ ತುರ್ತಿನ ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಕೊಟ್ಟು ಸಂದೇಶಗಳನ್ನು ತಡೆಹಿಡಿಯುವ, ತೆರೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಹೀಗೆ ತಂತಿಯ ಖರ್ಚು ಯಾರದಾಗಿದ್ದರೂ ಅದರ ಮೇಲಿನ ಹಿಡಿತ ಸಾರ್ವಭೌಮ ಸತ್ತೆಯದೇ ಎಂಬುದು ಅಂದಿಗೇ ನಿಶ್ಚಯವಾಗಿತ್ತು.

ಬಹಿರಂಗ ಮಾತಿನ ಮಾಧ್ಯಮವಾದ ವೃತ್ತಪತ್ರಿಕೆ ಮೈಸೂರಿಗೆ ಬಂದದ್ದು 1859ರಲ್ಲಿ, ಭಾಷ್ಯಂ ಭಾಷ್ಯಾಚಾರ್ಯರ 'ಮೈಸೂರು ವೃತ್ತಾಂತ ಬೋಧಿನಿ'ಯ ಮೂಲಕ. ಶತಮಾನದ ಕೊನೆಯ ಎರಡು ದಶಕಗಳಲ್ಲಿ ಪತ್ರಿಕೆಗಳ ಸಂಖ್ಯೆಯೂ ಧೈರ್ಯವೂ ಬೆಳೆದವು. ಇದರ ಹಿಂದಿನ ಪ್ರಮುಖ ಶಕ್ತಿ, ಮೈಸೂರಿನ ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ, ಜನ ತಾತಯ್ಯನೆಂದೇ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು. 1844ರಲ್ಲಿ ಹುಟ್ಟಿ 1933ರವರೆಗೆ ಬಾಳಿದ ಇವರು ಪಾಠ ಹೇಳುವುದರ ಜೊತೆಗೆ ಅನಾಥಾಲಯವನ್ನು ಕಟ್ಟಿದರು, ಪ್ರಜಾಪ್ರತಿನಿಧಿ ಸಭೆಯಲ್ಲಿ ಜನರ ಅಹವಾಲನ್ನು ಮಂಡಿಸಿದರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದಲ್ಲ ಒಂದು ಪತ್ರಿಕೆಯನ್ನು ನಡೆಸಿದರು. 1885ರಲ್ಲಿ ಆರಂಭವಾದ 'ವೃತ್ತಾಂತ ಚಿಂತಾಮಣಿ' ಇವುಗಳಲ್ಲಿ ಹೆಸರಾದುದು. ಅಧಿಕಾರಿಗಳ ನಡತೆಯನ್ನೂ ಸರ್ಕಾರದ ಖರ್ಚುವೆಚ್ಚವನ್ನೂ ಪ್ರಶ್ನಿಸುವುದು ಅದರ ರೂಢಿಯಾಗಿತ್ತು.

ಈ ಬೆಳವಣಿಗೆಗೆ ತಡೆಯೊಡ್ಡಿದ್ದು 1908ರ ಮೈಸೂರು ವೃತ್ತಪತ್ರಿಕೆಗಳ ರೆಗ್ಯುಲೇಷನ್. ಅದೇ ವರ್ಷ ಬ್ರಿಟಿಷ್ ಭಾರತದಲ್ಲಿ ಪತ್ರಿಕೆಗಳ ಮೇಲೆ ಹೊಸ ಕಾಯಿದೆ ಬಂದಿತ್ತು, ರಾಜದ್ರೋಹದ ಆಪಾದನೆಯ ಮೇಲೆ ಬಾಲಗಂಗಾಧರ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿತ್ತು. ಮೈಸೂರಿನ ಶಾಸನದ ಸ್ವರೂಪವನ್ನು ತಿಳಿಯಲು ಘೋಷಣೆ ಮತ್ತು ಅನುಮತಿ ಇವುಗಳ ನಡುವಿನ ಅಂತರವನ್ನು ಗಮನಿಸಬೇಕು. ಬ್ರಿಟಿಷ್ ಭಾರತದ 1867ರ ಕಾಯಿದೆಯಂತೆ, ಪತ್ರಿಕೆ ಹೊರಡಿಸುವವನು ಮ್ಯಾಜಿಸ್ಟ್ರೇಟನ ಮುಂದೆ ತನ್ನ ಹೆಸರು ವಿಳಾಸಗಳನ್ನು ಘೋಷಿಸಿದರೆ ಸಾಕಾಗಿತ್ತು. ಬರೆದುದು ತಪ್ಪೆಂದು ಕಂಡರೆ ಸರ್ಕಾರವು ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಬೇಕಿತ್ತು. ಮೈಸೂರಿನ ಶಾಸನದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನು ಹೊರಡಿಸುವಂತೆಯೇ ಇರಲಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದಿತ್ತು. ಆಪಾದಿಸುವವನೂ ತೀರ್ಪು ಕೊಡುವವನೂ ಒಬ್ಬನೇ ಆದಾಗ ಸಂಪಾದಕನ ಉಳಿವು ಅಧಿಕಾರಿಯ ಮರ್ಜಿಗೆ ಬಿದ್ದ ಹಾಗೆಯೇ. ಈ ಶಾಸನವನ್ನು ತಂದ ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲೇ, ಹಿಂದಿನ ವರ್ಷವಷ್ಟೇ, ಸಂಸ್ಥಾನದ ನ್ಯಾಯವಿಧಾಯಕ ಸಭೆಯೂ ಸ್ಥಾಪನೆಯಾಗಿತ್ತೆಂಬುದನ್ನು ಮರೆಯುವಂತಿಲ್ಲ. ಪ್ರಾತಿನಿಧ್ಯವನ್ನು ಒಂದು ಕೈಯಿಂದ ಕೊಡುತ್ತಿದ್ದ ಆಡಳಿತವೇ ಟೀಕೆಯ ಬಾಯಿಗೆ ಇನ್ನೊಂದು ಕೈಯಿಂದ ಬೀಗ ಹಾಕಿತು.

ವೆಂಕಟಕೃಷ್ಣಯ್ಯನವರು ಕೊಟ್ಟ ಉತ್ತರ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಡುವುದಾಗಿತ್ತು. ಇಪ್ಪತ್ತಮೂರು ವರ್ಷ ನಡೆದಿದ್ದ 'ವೃತ್ತಾಂತ ಚಿಂತಾಮಣಿ' 1908ರಲ್ಲಿ ನಿಂತುಹೋಯಿತು. ಅನುಮತಿಗೆ ಅರ್ಜಿ ಹಾಕಿಕೊಂಡು, ಅಂಜುತ್ತ ಅಳುಕುತ್ತ ಬರೆಯುವ ದಾರಿಯೂ ಇತ್ತು. ಹಲವರು ಆ ದಾರಿ ಹಿಡಿದರು, 1913ರಲ್ಲಿ ಬೆಂಗಳೂರಿನಲ್ಲಿ ಡಿ.ವಿ. ಗುಂಡಪ್ಪನವರು ಆರಂಭಿಸಿದ 'ಕರ್ನಾಟಕ'ವೂ ಈ ಶಾಸನದ ನೆರಳಿನಲ್ಲೇ ಬೆಳೆಯಬೇಕಾಯಿತು. ಆದರೆ ಜನರ ಮೆಚ್ಚುಗೆ ಗಳಿಸಿದ್ದ ಪತ್ರಿಕೆಯೊಂದು ತಾನಾಗಿ ಬಾಗಿಲು ಮುಚ್ಚಿದಾಗ, ಶಾಸನದ ಸ್ವರೂಪ ಏನೆಂಬುದು ಓದುಗರಿಗೆ ಯಾವ ಅಗ್ರಲೇಖನಕ್ಕಿಂತಲೂ ಸ್ಪಷ್ಟವಾಗಿ ತಿಳಿದಿರಬೇಕು.

ನಿರ್ಬಂಧವನ್ನು ಬಳಸಿಕೊಂಡು ಆಚೆಗೆ ಹೋಗುವ ಉಪಾಯವನ್ನೂ ಮೈಸೂರಿನ ಪತ್ರಕರ್ತರು ಬಲ್ಲವರಾಗಿದ್ದರು. ಜವಾಬ್ದಾರಿ ಸರ್ಕಾರಕ್ಕಾಗಿ 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ನಡೆದಾಗ, ಅಚ್ಚಿಗೆ ಹೋಗುವ ಮೊದಲೇ ಬರಹವನ್ನು ಅಧಿಕಾರಿಗಳು ಪರಿಶೀಲಿಸುವ ಪೂರ್ವ ಸೆನ್ಸಾರ್ ಪದ್ಧತಿಗೆ ಒಳಗಾಗಲು ಒಪ್ಪದೆ, ಪಿ.ಆರ್. ರಾಮಯ್ಯನವರ 'ತಾಯಿನಾಡು' ಗಡಿಯಾಚೆಯ ಹಿಂದೂಪುರದಿಂದ ಪ್ರಕಟವಾಯಿತು. ಹಿಂದೂಪುರ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಮೈಸೂರಿನ ದಿವಾನರ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ತಡೆಹಿಡಿದ ತಾಣವನ್ನು ಬೇರೆ ದೇಶದ ಸರ್ವರ್ ಮೂಲಕ ತಲಪುವ ಇಂದಿನ ವಿಪಿಎನ್ ತಂತ್ರದ ತರ್ಕವೂ ಇದೇ: ಆಜ್ಞೆ ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಂದ ಮಾತು ಶುರುವಾಗುತ್ತದೆ. ಅಕ್ಟೋಬರಿನಲ್ಲಿ ಸಂಸ್ಥಾನವು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿಕೊಂಡಿತು.

ಸ್ವಾತಂತ್ರ್ಯಾನಂತರ ಅನುಮತಿಯ ಪದ್ಧತಿ ಹೋಯಿತಾದರೂ 1885ರ ಟೆಲಿಗ್ರಾಫ್ ಕಾಯಿದೆ ಹಾಗೆಯೇ ಉಳಿಯಿತು. ಅದರ ಬಿಸಿ ಕರ್ನಾಟಕಕ್ಕೆ ತಟ್ಟಿದ್ದು 1988ರಲ್ಲಿ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಉನ್ನತ ಅಧಿಕಾರಿಯ ಲಿಖಿತ ಆದೇಶ ಬೇಕು, ಅದನ್ನು ಸಮಿತಿಯೊಂದು ಮರುಪರಿಶೀಲಿಸಬೇಕು ಎಂಬ ನಿಯಮಗಳನ್ನು ಸುಪ್ರೀಂ ಕೋರ್ಟ್ ವಿಧಿಸಿದ್ದು 1996ರ ಡಿಸೆಂಬರಿನಲ್ಲಿ, ಅಂದರೆ ಕಾಯಿದೆ ಹುಟ್ಟಿ 111 ವರ್ಷಗಳಾದ ಮೇಲೆ.

ಅಂತರ್ಜಾಲದ ಯುಗದಲ್ಲಿ ಈ ಎರಡೂ ಅಧಿಕಾರಗಳು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಅಕ್ಕಪಕ್ಕದಲ್ಲೇ ನಿಂತಿವೆ. ಅದರ 69ನೆಯ ಸೆಕ್ಷನ್ ಸಂದೇಶಗಳನ್ನು ತಡೆದು ನೋಡಲು, ಗೂಢಲಿಪಿಯಲ್ಲಿರುವುದನ್ನು ಬಿಡಿಸಿಕೊಡುವಂತೆ ಆಜ್ಞಾಪಿಸಲು ಅವಕಾಶ ಕೊಡುತ್ತದೆ. 69ಎ ಸೆಕ್ಷನ್ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ತಾಣಗಳನ್ನೂ ಬರಹಗಳನ್ನೂ ತಡೆಹಿಡಿಯಲು ಅಧಿಕಾರ ಕೊಡುತ್ತದೆ. ಇಲ್ಲಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂಬ ನಿಯಮವಿದೆ, ನ್ಯಾಯಾಲಯಕ್ಕೆ ಹೋಗುವ ದಾರಿಯೂ ತೆರೆದಿದೆ; ಈ ಕಾರಣಗಳಿಂದಲೇ 2015ರಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಸಂದೇಶ ಕಳಿಸಿದವರನ್ನು ಶಿಕ್ಷಿಸುತ್ತಿದ್ದ 66ಎ ಸೆಕ್ಷನ್ನನ್ನು ರದ್ದುಗೊಳಿಸಿದರೂ 69ಎ ಸೆಕ್ಷನ್ನನ್ನು ಎತ್ತಿಹಿಡಿಯಿತು. ಈ ಮಟ್ಟಿಗೆ ಇಂದಿನ ಕಾನೂನು 1908ರ ರೆಗ್ಯುಲೇಷನ್ನಿಗಿಂತ ಮೇಲಾದುದು. ಆದರೆ 2009ರ ನಿಯಮಗಳು ಇಂಥ ಆದೇಶಗಳನ್ನು ಗೋಪ್ಯವಾಗಿಡಬೇಕೆನ್ನುವುದರಿಂದ, ಯಾರ ಬರಹ ಮಾಯವಾಯಿತೋ ಅವರಿಗೇ ಅದರ ಕಾರಣ ತಿಳಿಯದಿರುವ ಸಂಭವವಿದೆ. ಟ್ವಿಟರ್ ಸಂಸ್ಥೆ ಇಂಥ ಆದೇಶಗಳನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆ, ಅಧಿಕಾರಿಗಳು ತೆಗೆದುಹಾಕುವ ಸೂಚನೆಗಳನ್ನು ಕಳಿಸುವ 'ಸಹಯೋಗ್' ಪೋರ್ಟಲನ್ನು ಪ್ರಶ್ನಿಸಿದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಅದೇ ಹೈಕೋರ್ಟಿನಲ್ಲಿ ವಜಾ ಆಯಿತು.

ಕಣ್ಗಾವಲಿನ ಪ್ರಶ್ನೆಗೆ ಬಹು ದೊಡ್ಡ ಉತ್ತರವನ್ನು ದೊರಕಿಸಿದ್ದು ಮಾತ್ರ ಮೈಸೂರಿನ ಮಹಾರಾಜ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದರಲ್ಲಿ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾದುದಾಗಿರಬೇಕು, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂಬ ಕಟ್ಟುಪಾಡುಗಳು ಆ ತೀರ್ಪಿನಿಂದ ನೆಲೆಗೊಂಡವು.

ಮೂರು ಶತಮಾನಗಳ ಈ ದಾಖಲೆಯಿಂದ ಒಂದು ಮಾತನ್ನು ನಿಸ್ಸಂದೇಹವಾಗಿ ಹೇಳಬಹುದು. ಕೇಳುವ ಅಧಿಕಾರಕ್ಕೂ ಅಳಿಸುವ ಅಧಿಕಾರಕ್ಕೂ ಆಳುವವರು ಪ್ರತಿ ಕಾಲದಲ್ಲೂ ಒಳ್ಳೆಯ ಕಾರಣಗಳನ್ನೇ ಮುಂದಿಟ್ಟಿದ್ದಾರೆ, ಮತ್ತು ಆ ಕಾರಣಗಳಲ್ಲಿ ಕೆಲವು ನಿಜವೂ ಆಗಿದ್ದವು. ಆದ್ದರಿಂದ ಕಾರಣ ಒಳ್ಳೆಯದೇ ಎಂಬುದೊಂದರಿಂದಲೇ ಪ್ರಜೆಗೆ ರಕ್ಷಣೆ ಸಿಗದು. ಆದೇಶ ಲಿಖಿತವಾಗಿರಬೇಕು, ಅದರ ಪೆಟ್ಟು ತಿಂದವನಿಗೆ ಅದು ತಿಳಿಯಬೇಕು, ಅಧಿಕಾರಿಯಲ್ಲದ ಇನ್ನೊಬ್ಬರು ಅದನ್ನು ಪರಿಶೀಲಿಸಬೇಕು. ಈ ಮೂರರಲ್ಲಿ ಮೊದಲನೆಯದು ಇಂದಿನ ಬಳಕೆದಾರನಿಗೆ ಕಾನೂನಿನಲ್ಲಿ ದೊರೆತಿದೆ, ಮೂರನೆಯದು ನ್ಯಾಯಾಲಯದ ಮೂಲಕ ದೊರೆಯಬಲ್ಲದು. ಎರಡನೆಯದು ಇನ್ನೂ ದೊರೆಯಬೇಕಾಗಿದೆ.